ಮತಗಟ್ಟೆಯ ನಾಲ್ಕು ಕುರ್ಚಿಗಳು

ಚುನಾವಣೆ ಘೋಷಣೆಯಾದ ವಾರ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಏನಾದರೊಂದು ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹಿಂದಿ ಟೀಚರಿಗೆ ಸೊಂಟನೋವು, ವಿಜ್ಞಾನದ ಮೇಷ್ಟ್ರಿಗೆ ಬಿಪಿ, ಡ್ರಿಲ್ ಮಾಸ್ಟರಿಗೂ ತಲೆಸುತ್ತು. ಡ್ಯೂಟಿಯ ಆದೇಶ ಕೈಗೆ ಬಂದ ದಿನ ಯಾರ ಬುತ್ತಿಯೂ ಪೂರ್ತಿ ಖಾಲಿಯಾಗುವುದಿಲ್ಲ. ನನಗೆ ಮಾತ್ರ ಆದೇಶ ಬರುತ್ತಿರಲಿಲ್ಲ. ಎಳವೆಯಲ್ಲಿ ಪೋಲಿಯೊ ಬಂದು ಬಲಗಾಲು ಸೊರಗಿದ್ದರಿಂದ ಕಾಲಿಗೆ ಕ್ಯಾಲಿಪರಿನ ಲೋಹದ ಆಸರೆ ಕಟ್ಟಿ, ಊರುಗೋಲು ಹಿಡಿದು ನಡೆಯುವವಳು ನಾನು. ಮೂಡುಬಿದಿರೆಯಿಂದ ಸ್ವಲ್ಪ ಒಳಗೆ, ಒಂದು ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನಂಥವರಿಗೆ ಚುನಾವಣಾ ಕೆಲಸದಿಂದ ವಿನಾಯಿತಿ.

"ನಿಮ್ಮ ಪುಣ್ಯ ಟೀಚರ್" ಎನ್ನುತ್ತಿದ್ದರು ಎಲ್ಲರೂ. ನಾನೂ ನಕ್ಕು ಹೌದೆನ್ನುತ್ತಿದ್ದೆ.

ಆದರೆ ಮತದಾನ ಮುಗಿಸಿ ಬಂದ ಮರುವಾರ ಅವರು ಹೇಳುವ ಕಥೆಗಳಿದ್ದವಲ್ಲ, ಅವು ನನ್ನನ್ನು ಕಾಡುತ್ತಿದ್ದವು. ಮುಂಡಾಜೆಯಿಂದ ಒಳಗಿನ ಶಾಲೆಯಲ್ಲಿ ಬೆಂಚು ಜೋಡಿಸಿ ಮಲಗಿದ್ದು, ಬಾವಲಿ ನುಗ್ಗಿದ್ದು, ಅಕ್ಷರದಾಸೋಹದ ಅಡುಗೆಯವರು ಗಂಜಿಗೆ ಒಣಮೀನಿನ ಚಟ್ನಿ ಮಾಡಿಕೊಟ್ಟದ್ದು, ನಡುಮತದಾನದಲ್ಲಿ ಯಂತ್ರ ಕೈಕೊಟ್ಟದ್ದು. ಬೈಯುತ್ತಲೇ ಹೇಳುತ್ತಿದ್ದರು. ಆ ಬೈಗುಳದ ಅಡಿಯಲ್ಲಿ ಎಂಥದೋ ಒಂದು ಹೆಮ್ಮೆ ಇರುತ್ತಿತ್ತು. ಕರೆಯೋಲೆ ಬಾರದ ಮದುವೆಯ ಊಟದ ಸುದ್ದಿ ಕೇಳುವವಳಂತೆ ನಾನು ಕೇಳಿಸಿಕೊಳ್ಳುತ್ತಿದ್ದೆ. ನನಗೂ ಒಂದು ಸಲ ಬೈಯಬೇಕಿತ್ತು.

ಹಾಗಿರುವಾಗ ಒಂದು ಚುನಾವಣೆಗೆ ನನ್ನ ಹೆಸರಿನಲ್ಲೂ ಆದೇಶ ಬಂತು. ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯ ಮತಗಟ್ಟೆಯನ್ನು ಪೂರ್ತಿಯಾಗಿ ಅಂಗವಿಕಲ ನೌಕರರೇ ನಡೆಸಬೇಕೆಂದು ತೀರ್ಮಾನವಾಗಿತ್ತು. ನಾನು ಅದರ ಅಧ್ಯಕ್ಷಾಧಿಕಾರಿ, ಅಂದರೆ ಇಡೀ ಮತಗಟ್ಟೆಯ ಹೊಣೆ ನನ್ನದು.

ಹೆಡ್ಮಾಸ್ಟರು ಮೆಲ್ಲಗೆ ಹೇಳಿದರು. "ಬೇಕಾದ್ರೆ ಬಿಡಿಸ್ಲಿಕ್ಕೆ ಆಗ್ತದೆ ಟೀಚರ್. ನಾನು ಮಾತಾಡ್ತೇನೆ."

"ಬೇಡ ಸರ್. ಹೋಗ್ತೇನೆ."

ಮನೆಯಲ್ಲಿ ಉಮ್ಮನಿಗೆ ಇದು ಅರ್ಥವೇ ಆಗಲಿಲ್ಲ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗುಡ್ಡೆ ಇಳಿದು ಶಾಲೆಗೆ ಬಿಟ್ಟವರು ಅವರು. "ಬೇಡ ಅಂತ ಸರಕಾರವೇ ಬಿಟ್ಟಿತ್ತಲ್ಲ ಮಗಳೇ, ಈಗ ಯಾಕೆ ಇದು?" ಎಂದರು. ಗಂಡ ಮಾತ್ರ ಒಂದು ಹೊಸ ಟಾರ್ಚು ತಂದು ನನ್ನ ಬ್ಯಾಗಿನ ಪಕ್ಕ ಇಟ್ಟರು.

ತರಬೇತಿಯ ದಿನ ನನ್ನ ತಂಡದವರನ್ನು ಕಂಡೆ. ನನ್ನ ಸಹಾಯಕರಾಗಿ ಬಂದವರು ಬಂಟ್ವಾಳ ಕಡೆಯ ಒಂದು ಕಾಲೇಜು ಕಚೇರಿಯ ಸೂಪರಿಂಟೆಂಡೆಂಟರು. ನಿವೃತ್ತಿಗೆ ಹತ್ತಿರವಾದವರು, ಮನೆ ಕಲ್ಲಡ್ಕ. ಅವರ ಕಣ್ಣಿನ ನರ ವರ್ಷದಿಂದ ವರ್ಷಕ್ಕೆ ಬತ್ತುತ್ತಿತ್ತು. ಎದುರಿಗಿದ್ದವರ ಆಕಾರ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಎರಡನೆಯವಳು ಒಬ್ಬ ಗ್ರಂಥಪಾಲಕಿ, ಮೂವತ್ತರ ಆಸುಪಾಸಿನವಳು. ಹುಟ್ಟಿನಿಂದಲೇ ಕಿವಿ ಕೇಳಿಸದು. ತುಟಿ ನೋಡಿ ಮಾತು ಹಿಡಿಯುತ್ತಾಳೆ, ತಾನೂ ಒತ್ತಿ ಒತ್ತಿ ಮಾತಾಡುತ್ತಾಳೆ. ಮೂರನೆಯವರು ಅರಣ್ಯ ಇಲಾಖೆಯ ಗುಮಾಸ್ತರು. ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಎಡಗೈ ಮೊಣಕೈಯಿಂದ ಕೆಳಗೆ ಹೋಗಿತ್ತು. ದೊಡ್ಡ ಗಂಟಲು, ದೊಡ್ಡ ನಗು.

"ವಿಶೇಷಚೇತನರ ಮತಗಟ್ಟೆ ಅಂತೆ" ಎಂದರು ಸೂಪರಿಂಟೆಂಡೆಂಟರು. "ನನ್ನ ಕಣ್ಣಲ್ಲಿ ವಿಶೇಷ ಎಂತ ಉಂಟು ಅಂತ ಎಷ್ಟೋ ವರ್ಷದಿಂದ ಹುಡುಕ್ತಾ ಇದ್ದೇನೆ ಟೀಚರ್. ಕಣ್ಣು ಕಾಣದ ಕಾರಣ ಸಿಗ್ತಾ ಇಲ್ಲ."

ಗ್ರಂಥಪಾಲಕಿ ಅವರ ತುಟಿ ಓದಿ ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕಳು.

ಮತದಾನದ ಮುಂಚಿನ ದಿನ ಯಂತ್ರ ಮತ್ತು ಸಾಮಗ್ರಿ ಪಡೆಯುವ ಮಸ್ಟರಿಂಗ್ ಕೇಂದ್ರದಲ್ಲಿ ಜಾತ್ರೆಯಷ್ಟು ಜನ. ನಮಗೊಂದು ಬೇರೆ ಮೇಜು, ಬೇರೆ ವ್ಯಾನು. ಅಕ್ಕಪಕ್ಕದ ಮತಗಟ್ಟೆಗಳನ್ನೆಲ್ಲ ನೋಡಿಕೊಳ್ಳುವ ಸೆಕ್ಟರ್ ಅಧಿಕಾರಿ ಬಂದು ನಮ್ಮ ಎದುರು ಕುಳಿತರು. ಕೆಟ್ಟವರಲ್ಲ. ನಮಗೆ ನೀರಿನ ಬಾಟಲಿ ತರಿಸಿದವರು, ಮತಗಟ್ಟೆಯ ಶಾಲೆಗೆ ರ‍್ಯಾಂಪ್ ಹಾಕಿಸಿದವರು ಅವರೇ.

"ನೀವು ಹೆದರಬೇಡಿ ಟೀಚರ್. ರಿಸರ್ವಿನಿಂದ ಒಬ್ಬರು ಮೇಷ್ಟ್ರನ್ನು ಕೊಡ್ತೇನೆ. ಅವರಿಗೆ ಎಷ್ಟೋ ಚುನಾವಣೆ ಮಾಡಿ ಅನುಭವ ಉಂಟು. ಕೆಲಸ ಅವರು ನೋಡಿಕೊಳ್ತಾರೆ. ನೀವು ಕುರ್ಚಿಯಲ್ಲಿ ಕೂತರೆ ಸಾಕು. ಫೋಟೋದವರು ಒಂಬತ್ತು ಗಂಟೆಗೆ ಬರ್ತಾರೆ."

ನಾನು ಯಂತ್ರದ ಪೆಟ್ಟಿಗೆಗಳ ನಂಬರನ್ನು ಆದೇಶದ ನಂಬರಿನ ಜೊತೆ ತಾಳೆ ನೋಡುತ್ತಿದ್ದೆ. ಕಣ್ಣು ಅಂಕಿಗಳ ಮೇಲಿತ್ತು. ಕೂತರೆ ಸಾಕು ಎಂಬ ಮಾತು ಕಿವಿಯಲ್ಲಿದ್ದು, ಒಂದೇ ನಂಬರನ್ನು ಎರಡೆರಡು ಸಲ ಓದಿದೆ.

ಶಾಲೆ ತಲುಪಿದಾಗ ಬಾಗಿಲಿಗೆ ಬಲೂನು ಕಟ್ಟಿದ್ದರು. ರ‍್ಯಾಂಪಿಗೆ ಕೆಂಪು ಹಾಸು. ಶೌಚಾಲಯ ಮಾತ್ರ ಅಂಗಳದ ಆಚೆ, ಎತ್ತರದ ಮೆಟ್ಟಿಲುಗಳ ಮೇಲೆ. ಅದನ್ನು ನೋಡಿ ನಾನು ಮಧ್ಯಾಹ್ನದಿಂದ ನೀರು ಕುಡಿಯುವುದನ್ನು ನಿಲ್ಲಿಸಿದೆ. ಶಾಲೆಯ ಅಡುಗೆಯಮ್ಮ ಅದನ್ನು ಗಮನಿಸಿರಬೇಕು. "ನಮ್ಮ ಮನೆ ಇಲ್ಲೇ ಗೇಟಿನ ಹತ್ತಿರ. ಮೆಟ್ಟಿಲು ಇಲ್ಲ. ಬನ್ನಿ ಟೀಚರಮ್ಮ" ಎಂದು ಕರೆದುಕೊಂಡು ಹೋದರು. ಆಮೇಲೆ ಧೈರ್ಯವಾಗಿ ಚಹಾ ಕುಡಿದೆ.

ಸಂಜೆ ಮೇಜು ಜೋಡಿಸಿ ಒಂದು ಅಭ್ಯಾಸ ಮಾಡಿದೆವು. ಮತಗಟ್ಟೆಯಲ್ಲಿ ಕೆಲಸ ಸಾಲಾಗಿ ನಡೆಯುತ್ತದೆ. ಮೊದಲ ಅಧಿಕಾರಿ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ, ಗಟ್ಟಿಯಾಗಿ ಓದಿ, ಗೆರೆ ಎಳೆಯಬೇಕು. ಪಕ್ಷಗಳ ಏಜೆಂಟರಿಗೆ ಅದು ಕೇಳಬೇಕು. ಎರಡನೆಯವರು ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿಸಿ, ಬೆರಳಿಗೆ ಶಾಯಿ ಹಚ್ಚಿ, ಚೀಟಿ ಕೊಡಬೇಕು. ಮೂರನೆಯವರು ಚೀಟಿ ಪಡೆದು ಯಂತ್ರದ ಗುಂಡಿ ಒತ್ತಿದರೆ ಮರೆಯೊಳಗೆ ಹೋದವರಿಗೆ ಮತ ಹಾಕಲು ಅವಕಾಶ. ಮತ ಬಿದ್ದಾಗ ಯಂತ್ರ ಉದ್ದಕ್ಕೆ ಒಂದು ಶಬ್ದ ಮಾಡುತ್ತದೆ.

ಆದೇಶದಲ್ಲಿ ನಮ್ಮ ಹುದ್ದೆಗೆ ತಕ್ಕಂತೆ ಸ್ಥಾನಗಳಿದ್ದವು. ಪಟ್ಟಿ ಓದುವ ಕೆಲಸ ಕಣ್ಣು ಕಾಣದವರಿಗೆ. ಎರಡು ಕೈ ಬೇಕಾದ ಶಾಯಿಯ ಕೆಲಸ ಒಂದು ಕೈಯವರಿಗೆ. ಶಬ್ದ ಕೇಳಬೇಕಾದ ಯಂತ್ರ ಕಿವಿ ಕೇಳಿಸದವಳಿಗೆ.

ರಿಸರ್ವಿನ ಮೇಷ್ಟ್ರೇ ಮತದಾರರಂತೆ ನಟಿಸಿ ಒಳಗೆ ಬಂದರು. ಸೂಪರಿಂಟೆಂಡೆಂಟರು ಭೂತಗನ್ನಡಿ ಹಿಡಿದು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಹುಡುಕಿದರು. ಹುಡುಕುತ್ತಲೇ ಇದ್ದರು. ಗುಮಾಸ್ತರು ಮೇಷ್ಟ್ರ ಬೆರಳು ಹಿಡಿಯಲು ಮೋಟು ಕೈಯನ್ನು ಮುಂದೆ ತಂದು, ಹಿಂದೆ ತೆಗೆಯುವಾಗ ಶಾಯಿ ಮೇಜಿಗೆ ಚೆಲ್ಲಿತು. ಗ್ರಂಥಪಾಲಕಿ ಗುಂಡಿ ಒತ್ತಿ ನಮ್ಮೆಲ್ಲರ ಮುಖ ನೋಡುತ್ತ ಕುಳಿತಳು. ಶಬ್ದ ಬಂತೋ ಇಲ್ಲವೋ ಎಂದು ನಮ್ಮ ಮುಖದಿಂದ ತಿಳಿಯಲು.

ಮೇಷ್ಟ್ರು ಮರುಕದಿಂದ ಹೇಳಿದರು. "ಟೆನ್ಶನ್ ಮಾಡಬೇಡಿ. ನಾಳೆ ನಾನು ಪಟ್ಟಿ ನೋಡ್ತೇನೆ. ಪೊಲೀಸಿನವರನ್ನು ಹತ್ತಿರ ನಿಲ್ಲಿಸಿಕೊಳ್ಳುವ. ಹೇಗಾದರೂ ಸುಧಾರಿಸುವ."

ಸೂಪರಿಂಟೆಂಡೆಂಟರು ಭೂತಗನ್ನಡಿಯನ್ನು ಕಿಸೆಗೆ ಹಾಕಿಕೊಂಡರು. "ಅದೇ ಒಳ್ಳೆಯದು ಟೀಚರ್. ಹೆಸರು ಕಾಗದದಲ್ಲಿ ಇದ್ದರೆ ಸಾಕು ನಮಗೆ. ಕಚೇರಿಯಲ್ಲಿಯೂ ಈಗ ಹಾಗೇ ಅಲ್ಲವಾ? ಫೈಲು ನನ್ನ ಮೇಜಿಗೆ ಬರ್ತದೆ, ನೋಡುವವರು ಬೇರೆ." ಬಾಯಿಯಲ್ಲಿ ನಗು ಇತ್ತು. ಸ್ವರದಲ್ಲಿ ಇರಲಿಲ್ಲ.

ನಾನು ಹೊರಗೆ ಜಗಲಿಗೆ ಬಂದು ನಿಂತೆ. ಅಂಗಳದಲ್ಲಿ ಬಲೂನುಗಳು ಗಾಳಿಗೆ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಎಷ್ಟು ವರ್ಷ ಕಾದದ್ದು ಇದಕ್ಕಾಗಿಯೇ ಎನಿಸಿತು. ಬಲೂನಿನ ಜೊತೆ ನಾವು ನಾಲ್ವರು. ಸೆಕ್ಟರ್ ಅಧಿಕಾರಿಗೆ ಫೋನು ಮಾಡಿ ಒಪ್ಪಿಕೊಂಡರೆ ನಾಳೆ ಎಲ್ಲ ಸಲೀಸು. ಯಾರೂ ನಮ್ಮನ್ನು ದೂರುವುದಿಲ್ಲ. ಹೊಗಳುತ್ತಾರೆ ಕೂಡ. ಆ ಹೊಗಳಿಕೆಯೇ ಬೇಡವಾಗಿತ್ತು ನನಗೆ.

ಕೈಪಿಡಿ ತೆರೆದು ಮತ್ತೊಮ್ಮೆ ಓದಿದೆ. ಯಾರು ಯಾವ ಕೆಲಸ ಮಾಡಬೇಕೆಂದು ಹಂಚುವ ಅಧಿಕಾರ ಅಧ್ಯಕ್ಷಾಧಿಕಾರಿಯದು. ನನ್ನದು.

ಒಳಗೆ ಹೋಗಿ ಹೇಳಿದೆ. "ಆದೇಶದ ಕುರ್ಚಿ ಬಿಡುವ. ಯಾರಿಗೆ ಯಾವ ಕೆಲಸ ಆಗ್ತದೆ, ಅವರವರೇ ಹೇಳಿ. ನಾನು ಬರೆದುಕೊಳ್ತೇನೆ."

ಇಂಥ ಪ್ರಶ್ನೆ ಅಭ್ಯಾಸವಿರಲಿಲ್ಲ ಯಾರಿಗೂ.

ಮೊದಲು ಬಾಯಿಬಿಟ್ಟವರು ಗುಮಾಸ್ತರು. "ಓದಲಿಕ್ಕೆ ನನಗೆ ಕೊಡಿ. ಕಾಡಿನಲ್ಲಿ ಕೂಗಿ ಕೂಗಿ ಸ್ವರ ಗಟ್ಟಿ ಆಗಿದೆ. ಪುಟ ಹಾರದ ಹಾಗೆ ಒಂದು ಭಾರ ಇಟ್ಟರೆ ಒಂದು ಕೈ ಧಾರಾಳ ಸಾಕು."

ಗ್ರಂಥಪಾಲಕಿ ರಿಜಿಸ್ಟರನ್ನು ಎಳೆದು ತನ್ನ ಮುಂದಿಟ್ಟುಕೊಂಡಳು. "ಇದು ನನ್ನ ಕೆಲಸ. ದಿನಾ ಇದೇ ಮಾಡ್ತೇನೆ. ಪುಸ್ತಕದ ಬದಲು ಜನ." ಆಮೇಲೆ ನನ್ನ ಕಡೆ ತಿರುಗಿ, "ನೀವು ಹಿಂದಿನಿಂದ ಕೂಗಬೇಡಿ. ಕೈ ಎತ್ತಿ. ನೋಡ್ತೇನೆ" ಎಂದಳು.

ಸೂಪರಿಂಟೆಂಡೆಂಟರು ಯಂತ್ರದ ಮೇಲೆ ಬೆರಳಾಡಿಸುತ್ತಿದ್ದರು. "ಗುಂಡಿ ದೊಡ್ಡದುಂಟು. ಶಬ್ದ ಚೆನ್ನಾಗಿ ಕೇಳ್ತದೆ. ಶಾಯಿಯೂ ನಾನೇ ಹಚ್ಚುವುದಾ? ಜನರ ಕೈ ಹಿಡಿದರೆ ಬೆರಳು ಯಾವುದು ಅಂತ ನೋಡದೆಯೂ ಗೊತ್ತಾಗ್ತದೆ. ಚೀಟಿಯ ನಂಬರ್ ಓದಲಿಕ್ಕೆ ಮಾತ್ರ ಆಗುವುದಿಲ್ಲ."

"ಅದು ನಾನು" ಎಂದಳು ಗ್ರಂಥಪಾಲಕಿ. "ಪಕ್ಕದಲ್ಲಿ ಕೂರ್ತೇನೆ. ಯಂತ್ರದಲ್ಲಿ ಕೆಂಪು ದೀಪ ಉಂಟಲ್ಲ, ಮತ ಬಿದ್ದರೆ ಆರ್ತದೆ. ಅದನ್ನೂ ನೋಡ್ತೇನೆ."

ಇಷ್ಟಾದ ಮೇಲೆ ಸೂಪರಿಂಟೆಂಡೆಂಟರು ನನ್ನ ಕಡೆ, ನನ್ನ ಸ್ವರ ಬಂದ ದಿಕ್ಕಿಗೆ ತಿರುಗಿದರು. "ನೀವು ಟೀಚರ್? ನಿಮಗೆ ಎಂತ ಕಷ್ಟ ಆಗ್ತದೆ?"

ನನ್ನ ನೌಕರಿಯಲ್ಲಿ ಆ ಪ್ರಶ್ನೆಯನ್ನು ಹಾಗೆ ಯಾರೂ ಕೇಳಿರಲಿಲ್ಲ. "ನಿಮ್ಮಿಂದ ಆಗ್ತದಾ" ಎಂದು ಕೇಳಿದ್ದಾರೆ. "ನಿಮಗೆ ಬೇಡ ಬಿಡಿ" ಎಂದಿದ್ದಾರೆ. "ಪದೇ ಪದೇ ಏಳಲಿಕ್ಕೆ ಆಗುವುದಿಲ್ಲ" ಎಂದೆ. "ಎದ್ದು ಎದ್ದು ಕೂತರೆ ಮಧ್ಯಾಹ್ನದ ಒಳಗೆ ಸೊಂಟ ಹಿಡೀತದೆ."

ಗುಮಾಸ್ತರು ಎದ್ದವರೇ ಮೇಜುಗಳನ್ನು ಸರಿಸತೊಡಗಿದರು. ಬಾಗಿಲು, ಏಜೆಂಟರ ಬೆಂಚು, ಮತ ಹಾಕುವ ಮರೆಯ ದಾರಿ, ಮೂರೂ ನನ್ನ ಕುರ್ಚಿಯಿಂದಲೇ ಕಾಣುವ ಹಾಗೆ. ರಿಸರ್ವಿನ ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, ತಾವೂ ಒಂದು ಮೇಜಿನ ತುದಿ ಹಿಡಿದರು. ಮತ್ತೆ ಮತ್ತೆ ಅಭ್ಯಾಸ ಮಾಡಿದೆವು. ಕೊನೆಗೆ ಮೇಷ್ಟ್ರು "ನಾಳೆ ನನಗೆ ಒಳಗೆ ಕೆಲಸ ಇಲ್ಲ ಅಂತ ಕಾಣ್ತದೆ" ಎಂದರು. ಬೇಸರವೋ ಸಮಾಧಾನವೋ ತಿಳಿಯಲಿಲ್ಲ.

ಬೆಳಿಗ್ಗೆ ಏಜೆಂಟರ ಎದುರು ಅಣಕು ಮತದಾನ ಮುಗಿಸಿ, ಆ ಮತಗಳನ್ನು ಅಳಿಸಿ, ನಾನೂ ಏಜೆಂಟರೂ ಸಹಿ ಮಾಡಿದ ಹಸಿರು ಕಾಗದದ ಸೀಲು ಸೇರಿಸಿ ಯಂತ್ರಕ್ಕೆ ಮೊಹರು ಹಾಕಿದೆವು. ಏಜೆಂಟರಲ್ಲಿ ಒಬ್ಬರು, ನಡುವಯಸ್ಸಿನವರು, ನನ್ನ ತಲೆವಸ್ತ್ರವನ್ನೇ ನೋಡುತ್ತಿದ್ದರು.

"ಬುರ್ಖಾ ಹಾಕಿದವರ ಮುಖ ನೋಡಿ ಗುರುತು ಹಿಡಿಯುವವರು ಯಾರು?"

"ನಾನು" ಎಂದೆ.

"ನೀವೊಬ್ಬರೇ?"

ಉಳಿದ ಏಜೆಂಟರು ನೆಲ ನೋಡಿದರು. ಪ್ರಶ್ನೆಯ ಅರ್ಥ ಎಲ್ಲರಿಗೂ ಆಗಿತ್ತು. ಶಾಲೆಯಲ್ಲಿ ನಾನು ಕಾಲಿಲ್ಲದ ಟೀಚರ್. ಬಸ್ಸಿನಲ್ಲಿ, ಕಚೇರಿಯಲ್ಲಿ ತಲೆವಸ್ತ್ರದ ಬ್ಯಾರಿ ಮುಸ್ಲಿಂ ಹೆಂಗಸು. ನನ್ನವರ ಮದುವೆ ಮನೆಗಳಲ್ಲಿ ಮತ್ತೆ ಕಾಲಿಲ್ಲದವಳು. ಎಲ್ಲಿ ಯಾವುದು ಮೊದಲು ಕಾಣುತ್ತದೆಂದು ನನಗೆ ಮುಂಚಿತವಾಗಿ ತಿಳಿಯುತ್ತದೆ. ಅಂದು ಬಲೂನುಗಳ ನಡುವೆ ಕಾಲಿನ ಬಗ್ಗೆ ಮಾತ್ರ ತಯಾರಾಗಿ ಕುಳಿತಿದ್ದೆ. ಪೆಟ್ಟು ಇನ್ನೊಂದು ಕಡೆಯಿಂದ ಬಂತು.

"ನಾನು, ಗ್ರಂಥಪಾಲಕಿ, ಇಬ್ಬರೂ ನೋಡ್ತೇವೆ" ಎಂದೆ. "ನನ್ನ ಕುರ್ಚಿಯ ಪಕ್ಕ ಪರದೆ ಕಟ್ಟಿದ್ದೇವೆ, ಅದರ ಹಿಂದೆ ಮುಖ ನೋಡಿ ಫೋಟೋದ ಜೊತೆ ತಾಳೆ ಮಾಡ್ತೇವೆ. ಆಮೇಲೆಯೂ ನಿಮಗೆ ಸಂಶಯ ಬಂದರೆ ಆಕ್ಷೇಪ ಹಾಕಲಿಕ್ಕೆ ಕ್ರಮ ಉಂಟು. ಹಾಕಿ. ನಾನು ವಿಚಾರಣೆ ಮಾಡ್ತೇನೆ." ಅವರು ತಲೆಯಾಡಿಸಿ ಕುಳಿತರು. ಸಂಜೆಯವರೆಗೆ ಒಂದು ಆಕ್ಷೇಪವೂ ಬರಲಿಲ್ಲ. ಆದರೂ ಪ್ರತಿ ಬುರ್ಖಾಕ್ಕೂ ಅವರ ಕತ್ತು ನಮ್ಮ ಕಡೆ ತಿರುಗುವುದು ನಿಲ್ಲಲಿಲ್ಲ.

ಒಂದೆರಡು ಗಂಟೆ ಕಳೆಯುವುದರೊಳಗೆ ಸಾಲು ಗೇಟು ದಾಟಿತು. ಹೊರಗಿನಿಂದ ಒಂದು ಸ್ವರ ಕೇಳಿಸಿತು. "ಇವರನ್ನೆಲ್ಲ ಯಾಕೆ ಕೂರಿಸಿದ್ದು ಮಾರಾಯ್ರೆ, ಬಿಸಿಲಲ್ಲಿ ನಾವು ಸಾಯುವುದಾ?" ಅದೇ ಹೊತ್ತಿಗೆ ಸೆಕ್ಟರ್ ಅಧಿಕಾರಿ ಫೋಟೋದವರೊಂದಿಗೆ ಬಂದರು. ಸಾಲು ನೋಡಿ ಅವರ ಮುಖ ಕುಂದಿತು.

"ಟೀಚರ್, ಪಕ್ಕದ ಮತಗಟ್ಟೆಗಿಂತ ಹಿಂದೆ ಇದ್ದೇವೆ. ಮೇಷ್ಟ್ರನ್ನು ಕೂರಿಸಿ. ಹಟ ಬೇಡ. ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಬರ್ತದೆ."

ಅವರ ಭಯ ಸುಳ್ಳಾಗಿರಲಿಲ್ಲ. ಗುಮಾಸ್ತರು ಓದುತ್ತಲೇ ಇದ್ದರು, ಆದರೆ ಅವರ ಕಿವಿ ಇಲ್ಲಿತ್ತು. ಗ್ರಂಥಪಾಲಕಿಯ ಕಣ್ಣು ಅಧಿಕಾರಿಯ ತುಟಿಯ ಮೇಲಿತ್ತು. ಅವಳಿಂದ ಯಾವುದನ್ನೂ ಮುಚ್ಚಿಡಲಾಗುತ್ತಿರಲಿಲ್ಲ.

"ಸರ್, ಸ್ವಲ್ಪ ನಿಲ್ಲಿ. ತಡ ಎಲ್ಲಿ ಆಗ್ತಾ ಉಂಟು ಅಂತ ಒಟ್ಟಿಗೆ ನೋಡುವ" ಎಂದೆ.

ನೋಡಿದೆವು. ಗುಮಾಸ್ತರ ಮುಂದೆ ಬರುವ ಅರ್ಧ ಜನರ ಕೈಯಲ್ಲಿ ಕ್ರಮಸಂಖ್ಯೆಯ ಚೀಟಿಯೇ ಇರಲಿಲ್ಲ. ಹೆಸರು ಹೇಳಿ ನಿಲ್ಲುತ್ತಿದ್ದರು, ಗುಮಾಸ್ತರು ಪುಟ ಪುಟ ಹುಡುಕುತ್ತಿದ್ದರು. ಕ್ರಮಸಂಖ್ಯೆ ಹೇಳಿಕೊಡುವ ಸಹಾಯದ ಮೇಜು ಗೇಟಿನಾಚೆ ನೆರಳಿನಲ್ಲಿತ್ತು. ಬಹಳ ಜನರ ಕಣ್ಣಿಗೆ ಬೀಳದೆ ಹೋಗಿತ್ತು. ಎರಡು ಕೈ ಇದ್ದವರು ಕುಳಿತಿದ್ದರೂ ಅಷ್ಟೇ ತಡವಾಗುತ್ತಿತ್ತು.

ಇದನ್ನು ನಾನು ಹೇಳುವ ಮೊದಲೇ ರಿಸರ್ವಿನ ಮೇಷ್ಟ್ರು ಅಂಗಳಕ್ಕೆ ಇಳಿದಿದ್ದರು. ಸಹಾಯದ ಮೇಜನ್ನು ಎತ್ತಿಸಿ ರ‍್ಯಾಂಪಿನ ಬುಡಕ್ಕೆ ತಂದು, ಸಾಲಿನಲ್ಲಿದ್ದ ಪ್ರತಿಯೊಬ್ಬರ ಕೈಗೂ ನಂಬರು ಬರೆದು ಕೊಡಿಸತೊಡಗಿದರು. ಸಾಲು ಸರಿಯತೊಡಗಿತು. ಸೆಕ್ಟರ್ ಅಧಿಕಾರಿ ಕಿಟಕಿಯ ಬಳಿ ನಿಂತು ನೋಡಿದರು. ನಂತರ ಫೋಟೋದವರನ್ನು ಕರೆದು, "ಒಳಗೆ ಬೇಡ, ಬಾಗಿಲಿನಿಂದಲೇ ತೆಗೆಯಿರಿ. ಕೆಲಸಕ್ಕೆ ತೊಂದರೆ ಮಾಡಬೇಡಿ" ಎಂದರು. ಮಾರನೆಯ ದಿನದ ಪತ್ರಿಕೆಯಲ್ಲಿ ನಮಗಿಂತ ಹೆಚ್ಚಾಗಿ ಮತದಾರರ ಬೆನ್ನುಗಳು ಬಂದವು.

ಮಧ್ಯಾಹ್ನದ ಸುಮಾರಿಗೆ ಒಬ್ಬರು ಅಜ್ಜಿ ಮರೆಯೊಳಗೆ ಹೋಗಿ, ಹಾಗೆಯೇ ಹೊರಬಂದು ಬಾಗಿಲಿನತ್ತ ನಡೆದರು. "ಶಬ್ದ ಬರಲಿಲ್ಲ" ಎಂದರು ಸೂಪರಿಂಟೆಂಡೆಂಟರು. ಅದೇ ಕ್ಷಣಕ್ಕೆ ಗ್ರಂಥಪಾಲಕಿ ಆರದ ಕೆಂಪು ದೀಪಕ್ಕೆ ಬೆರಳು ತೋರಿಸಿದಳು. ಗುಮಾಸ್ತರು ಅಜ್ಜಿಯನ್ನು ಹೊಸ್ತಿಲಲ್ಲೇ ತಡೆದು ತುಳುವಿನಲ್ಲಿ ವಿಚಾರಿಸಿದರು. ಅಜ್ಜಿ ಚಿತ್ರ ನೋಡಿ ಕೈಮುಗಿದು ಬಂದಿದ್ದರಂತೆ, ಒತ್ತಬೇಕೆಂಬುದು ಮರೆತೇ ಹೋಗಿತ್ತು. ಮತ್ತೆ ಒಳಗೆ ಹೋದರು. ಶಬ್ದ ಬಂತು, ದೀಪ ಆರಿತು. ಸೂಪರಿಂಟೆಂಡೆಂಟರ ಮುಖದಲ್ಲಿ ಬಂದ ಗೆಲುವನ್ನು ನಾನು ಇನ್ನೂ ಮರೆತಿಲ್ಲ. ಎಷ್ಟೋ ಕಾಲದ ಮೇಲೆ ತನ್ನ ಮೇಜಿನ ಕೆಲಸವನ್ನು ತಾನೇ ಮಾಡಿದವರ ಮುಖ ಅದು.

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬಳು ಮತ ಹಾಕಲು ಬಂದಳು. ನನ್ನದೇ ಪ್ರಾಯ, ನನ್ನದೇ ಕಾಯಿಲೆ. ಎರಡೂ ಕಾಲು ಹೋಗಿತ್ತು. ಅಣ್ಣ ಅವಳನ್ನು ಎತ್ತಿಕೊಂಡು ಬಂದಿದ್ದ. ಮನೆಗೇ ಬಂದು ಮತ ಪಡೆಯುವ ವ್ಯವಸ್ಥೆ ಇದ್ದರೂ ಅವಳು ಬೇಡ ಎಂದಿದ್ದಳಂತೆ. ಶಾಯಿ ಹಚ್ಚಿಸಿಕೊಳ್ಳುವಾಗಲೂ ಅವಳ ಕಣ್ಣು ನನ್ನ ಮೇಲೆಯೇ ಇತ್ತು. ಮತ ಹಾಕಿಯಾದ ಮೇಲೆ ಅಣ್ಣನಿಗೆ ನಿಲ್ಲಲು ಹೇಳಿ ತುಳುವಿನಲ್ಲಿ ಕೇಳಿದಳು.

"ಟೀಚರ್, ನಿಮಗೆ ಶಾಲೆ ಹತ್ತಿರ ಇತ್ತಾ?"

"ಇಲ್ಲ, ದೂರ. ಉಮ್ಮ ಎತ್ತಿಕೊಂಡು ಹೋಗ್ತಿದ್ರು."

"ನಮ್ಮ ಮನೆಯಲ್ಲಿಯೂ ಎತ್ತಲಿಕ್ಕೆ ಜನ ಇದ್ದರು. ಆಸ್ಪತ್ರೆಗೆ ಎತ್ತಿದರು, ದೇವಸ್ಥಾನಕ್ಕೆ ಎತ್ತಿದರು. ಶಾಲೆಗೆ ಎತ್ತಬೇಕು ಅಂತ ಯಾರಿಗೂ ಹೊಳೆಯಲಿಲ್ಲ."

ಸಿಟ್ಟಿಲ್ಲದೆ ಹೇಳಿದಳು. ಎತ್ತಿಕೊಂಡಿದ್ದ ಅಣ್ಣ ಬೇರೆ ಕಡೆ ನೋಡಿದ. ನಾನು ಅವಳ ಕೈ ಹಿಡಿದೆ. ಹಿಂದೆ ಜನ ಕಾಯುತ್ತಿದ್ದರು. ಅವಳನ್ನು ಹೊರಗೆ ಮರದ ಕಟ್ಟೆಯ ಮೇಲೆ ಕೂರಿಸಿದರು. ತುಂಬಾ ಹೊತ್ತು ಅಲ್ಲಿಂದ ನಮ್ಮ ನಾಲ್ಕು ಕುರ್ಚಿಗಳನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ತಲೆಯೆತ್ತಿದಾಗ ಕಟ್ಟೆ ಖಾಲಿಯಾಗಿತ್ತು.

ಸಮಯ ಮುಗಿದಾಗ ಸಾಲಿನಲ್ಲಿದ್ದವರಿಗೆ ಕೊನೆಯವರಿಂದ ಮೊದಲುಗೊಂಡು ಚೀಟಿ ಹಂಚಿ, ಎಲ್ಲರ ಮತವಾದ ಮೇಲೆ ಯಂತ್ರ ಮುಚ್ಚಿದೆವು. ಮುಕ್ತಾಯದ ಗುಂಡಿಯನ್ನು ಸೂಪರಿಂಟೆಂಡೆಂಟರು ಒತ್ತಿದರು. ಯಂತ್ರ ತೋರಿಸಿದ ಒಟ್ಟು ಸಂಖ್ಯೆಯನ್ನು ನಾನು ಗಟ್ಟಿಯಾಗಿ ಓದಿದೆ. ಗ್ರಂಥಪಾಲಕಿ ರಿಜಿಸ್ಟರಿನ ಕೊನೆಯ ಅಂಕಿಯ ಕೆಳಗೆ ಬೆರಳಿಟ್ಟಳು. ಎರಡೂ ಒಂದೇ. ಬೆಳಿಗ್ಗೆ ಪ್ರಶ್ನೆ ಕೇಳಿದ ಏಜೆಂಟರು ಸಹಿ ಹಾಕಿ, ಪೆನ್ನು ಮುಚ್ಚಿ, "ಬರ್ತೇನೆ ಟೀಚರ್" ಎಂದರು. ಅಷ್ಟೇ. ಅಷ್ಟು ಸಾಕಿತ್ತೋ ಇಲ್ಲವೋ, ಅಂದು ಯೋಚಿಸಲು ಪುರುಸೊತ್ತಿರಲಿಲ್ಲ.

ಯಂತ್ರಗಳನ್ನು ಒಪ್ಪಿಸಿ ಬಿಡುಗಡೆಯಾದ ಮೇಲೆ ನಾವು ಒಂದು ವಿದಾಯವನ್ನೂ ಸರಿಯಾಗಿ ಹೇಳಿಕೊಳ್ಳಲಿಲ್ಲ. ಕಲ್ಲಡ್ಕದ ಕಡೆಗೆ ಹೋಗುವ ವಾಹನ ಹೊರಟಿತ್ತು. ಸೂಪರಿಂಟೆಂಡೆಂಟರನ್ನು ಗುಮಾಸ್ತರು ತಮ್ಮ ಇದ್ದ ಕೈಯಿಂದ ಹಿಡಿದು ಹತ್ತಿಸಿದರು. ವಾಟ್ಸಾಪಿನಲ್ಲಿ ನಮ್ಮದೊಂದು ಗುಂಪು ಆಯಿತು. ಮೊದಮೊದಲು ದಿನಾ ಮಾತು, ಆಮೇಲೆ ಹಬ್ಬಕ್ಕೆ ಶುಭಾಶಯ, ಆಮೇಲೆ ಅದೂ ಕಡಿಮೆ. ಸೂಪರಿಂಟೆಂಡೆಂಟರು ನಿವೃತ್ತರಾದರು. ಕಣ್ಣು ಪೂರ್ತಿ ಹೋಗಿದೆ ಎಂದು ಅವರ ಮಗಳು ತಿಳಿಸಿದಳು. ತರಗತಿಯಲ್ಲಿ ಬೋರ್ಡಿಗೆ ತಿರುಗಿ ಲೆಕ್ಕ ಬಿಡಿಸುವಾಗ ಕೆಲವೊಮ್ಮೆ ಆ ಕೋಣೆ ನೆನಪಾಗುತ್ತದೆ: ಗುಮಾಸ್ತರ ಕೂಗು, ಪೆನ್ನಿನ ಸದ್ದು, ಉದ್ದನೆಯ ಆ ಶಬ್ದ. ನಾವು ನಾಲ್ವರೂ ಒಂದೇ ಯಂತ್ರದ ಭಾಗಗಳಂತೆ ದುಡಿದ ಆ ಒಂದು ದಿನ ಮತ್ತೆ ಬೇಕೆನಿಸುತ್ತದೆ. ಯಾರಲ್ಲಿ ಕೇಳುವುದು?

ಮುಂದಿನ ಚುನಾವಣೆ ಬಂತು. ಸ್ಟಾಫ್ ರೂಮಿನಲ್ಲಿ ಕಾಯಿಲೆಗಳು ಶುರುವಾದವು. ಈ ಸಲದ ವಿಶೇಷ ಮತಗಟ್ಟೆ ಬೇರೆಲ್ಲೋ, ಬೇರೆಯವರಿಗೆ. ಗ್ರಂಥಪಾಲಕಿಯ ಸಂದೇಶ ಬಂತು. "ನಿಮಗೆ ಬಂತಾ?" ಇಲ್ಲ ಎಂದು ಬರೆದೆ. "ನನಗೂ ಇಲ್ಲ" ಎಂದಳು.

ಮರುದಿನ ನಾನೇ ಚುನಾವಣಾ ವಿಭಾಗಕ್ಕೆ ಹೋದೆ. ಅಲ್ಲಿನ ನೌಕರರೊಬ್ಬರು ನನ್ನ ಊರುಗೋಲು ನೋಡಿದ್ದೇ, "ಕ್ಯಾನ್ಸಲ್ ಆಗ್ತದೆ ಟೀಚರ್, ಸರ್ಟಿಫಿಕೇಟ್ ಕೊಡಿ" ಎಂದರು.

"ಕ್ಯಾನ್ಸಲ್ ಅಲ್ಲ. ನನಗೆ ಡ್ಯೂಟಿ ಬೇಕು. ವಿಶೇಷದ್ದು ಬೇಡ, ಯಾವ ಮತಗಟ್ಟೆಯಾದರೂ ಆದೀತು."

ಅವರು ಕನ್ನಡಕ ತೆಗೆದು ನೋಡಿದರು. "ಎಲ್ಲರೂ ತಪ್ಪಿಸಲಿಕ್ಕೆ ಬರ್ತಾರೆ ಮಾರಾಯ್ರೆ. ನೀವು ಕೇಳಲಿಕ್ಕೆ ಬಂದದ್ದಾ?" ನಕ್ಕರು, ಆದರೆ ಅರ್ಜಿ ತೆಗೆದುಕೊಂಡರು. ಕೆಲವು ದಿನಗಳ ಮೇಲೆ ರಿಸರ್ವ್ ಸಿಬ್ಬಂದಿಯಲ್ಲಿ ನನ್ನ ಹೆಸರು ಬಂತು.

ಮಸ್ಟರಿಂಗ್ ಕೇಂದ್ರದ ಪೆಂಡಾಲಿನಲ್ಲಿ ಬ್ಯಾಗು ಕಾಲ ಬಳಿ ಇಟ್ಟುಕೊಂಡು ಕುಳಿತೆ. ಗೈರುಹಾಜರಾದವರ ಬದಲಿಗೆ ಮೈಕಿನಲ್ಲಿ ರಿಸರ್ವಿನವರ ಹೆಸರು ಕರೆಯುತ್ತಿದ್ದರು. ಪ್ರತಿ ಸಲ ಮೈಕು ಗುರುಗುಟ್ಟಿದಾಗ ನನ್ನ ಕೈ ಊರುಗೋಲಿಗೆ ಹೋಗುತ್ತಿತ್ತು. ಪಕ್ಕದ ಮೇಜಿನಲ್ಲಿ ಹೊಸದಾಗಿ ಅಧ್ಯಕ್ಷಾಧಿಕಾರಿಯಾದ ಒಬ್ಬರು ಟೀಚರ್ ಸಾಮಗ್ರಿಗಳನ್ನೆಲ್ಲ ಹರಡಿಕೊಂಡು ಅಳುವ ಹಾಗಿದ್ದರು. ಹತ್ತಿರ ಸರಿದು ಒಂದೊಂದನ್ನೇ ಎತ್ತಿ ಹೇಳಿಕೊಟ್ಟೆ. ಅವರು ಬರೆದುಕೊಂಡರು. ಇನ್ನೊಂದು ತಂಡದವರೂ ಬಂದು ಸುತ್ತ ನಿಂತರು. ಅವರಿಗೂ ಹೇಳಿದೆ. ಹೇಳುತ್ತ ಹೇಳುತ್ತ ನಾನೇ ಹೊರಟಷ್ಟು ಖುಷಿಯಾಯಿತು.

ಬಸ್ಸುಗಳು ಒಂದೊಂದಾಗಿ ಹೊರಟವು. ನನ್ನ ಹೆಸರು ಬರಲಿಲ್ಲ. ಪೆಂಡಾಲಿನಲ್ಲಿ ಖಾಲಿ ಊಟದ ತಟ್ಟೆಗಳು, ನಾವು ಕೆಲವರು. ಕೊನೆಯ ಬಸ್ಸು ಗೇಟಿನ ಬಳಿ ತಿರುಗುವಾಗ ಆ ಟೀಚರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದರು.

"ಟೀಚರ್, ಹಸಿರು ಸೀಲಿಗೆ ಸಹಿ ಯಂತ್ರಕ್ಕೆ ಹಾಕುವ ಮೊದಲಾ, ಹಾಕಿದ ಮೇಲೆಯಾ?"

ನಾನು ಊರುಗೋಲು ಊರಿ ಎದ್ದು ನಿಂತು, ಇದ್ದ ಸ್ವರವನ್ನೆಲ್ಲ ಒಟ್ಟುಮಾಡಿ ಕೂಗಿದೆ.

"ಮೊದಲು! ಹಾಕುವ ಮೊ...ದಲು!"

ಕೇಳಿಸಿತೆಂದು ಅವರು ಕೈ ಎತ್ತಿದರು. ಬಸ್ಸು ರಸ್ತೆಗಿಳಿದು ಚಾರ್ಮಾಡಿಯ ದಿಕ್ಕಿಗೆ ಹೋಯಿತು. ಧೂಳು ಇಳಿಯುವವರೆಗೂ ನಾನು ನಿಂತೇ ಇದ್ದೆ.